ಪೆರು ಪ್ರವಾಸ: ಸುರಕ್ಷತೆಗೂ ಮುಂಗಡಪತ್ರದಲ್ಲಿ ಸ್ಥಾನವಿರಲಿ

ವರ್ತಕ ಕುಟುಂಬಗಳ ವಿದೇಶ ಪ್ರವಾಸವು ಒಂದು ಕಾಲಕ್ಕೆ ಸಿಂಗಪುರ, ದುಬೈ, ಹೆಚ್ಚೆಂದರೆ ಯುರೋಪಿನ ನಾಲ್ಕಾರು ನಗರಗಳಿಗೆ ಸೀಮಿತವಾಗಿತ್ತು. ಈಗ ಆ ಪರಿಧಿ ವಿಸ್ತಾರಗೊಂಡಿದೆ. ದಕ್ಷಿಣ ಅಮೆರಿಕದ ಪೆರು ದೇಶವೂ, ಅಲ್ಲಿನ ಆಂಡೀಸ್ ಪರ್ವತಗಳ ನಡುವಿನ ಮಾಚು ಪಿಚುವೂ ಹಲವು ಮನೆಗಳಲ್ಲಿ ಚರ್ಚೆಯ ವಿಷಯವಾಗಿವೆ. 15ನೆಯ ಶತಮಾನದಲ್ಲಿ ಇಂಕಾ ಅರಸರು ಕಟ್ಟಿಸಿದ, 1983ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ನೆಲೆಯನ್ನು ಮಕ್ಕಳಿಗೆ ತೋರಿಸಬೇಕೆಂಬ ಹಂಬಲ ಸಹಜವೂ ಶ್ಲಾಘನೀಯವೂ ಆಗಿದೆ.

ಇಂಥ ಚರ್ಚೆಗಳಲ್ಲಿ ಸಾಮಾನ್ಯವಾಗಿ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. "ಅಲ್ಲಿ ಕೊಲೆ, ಸುಲಿಗೆ ಹೆಚ್ಚು, ಸಂಸಾರವನ್ನು ಕರೆದುಕೊಂಡು ಹೋಗುವ ಜಾಗವಲ್ಲ" ಎಂಬುದು ಒಂದು. "ಏಜೆಂಟರಿಗೆ ಹಣ ಕಟ್ಟಿದ ಮೇಲೆ ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರೆ" ಎಂಬುದು ಇನ್ನೊಂದು. ಮೊದಲನೆಯವರು ಅಪಾಯವನ್ನು ಅಳೆಯದೆ ಹೆದರುತ್ತಾರೆ. ಎರಡನೆಯವರು ಅಳೆಯದೆ ಧೈರ್ಯಪಡುತ್ತಾರೆ. ಸಾಗಣೆ ವಿಮೆಯಿಲ್ಲದೆ ಸರಕನ್ನು ಹಡಗಿಗೆ ಏರಿಸದ, ಸಂಶಯಾಸ್ಪದ ಬಾಕಿಗಳಿಗೆ ಪ್ರತಿ ವರ್ಷವೂ ಹಣ ಕಾದಿರಿಸುವ ವರ್ತಕರೇ ತಮ್ಮ ಕುಟುಂಬದ ಪ್ರಯಾಣದ ವಿಷಯದಲ್ಲಿ ಈ ಎಚ್ಚರವನ್ನು ಬಿಟ್ಟುಬಿಡುವುದು ಆಶ್ಚರ್ಯಕರ.

ಸುರಕ್ಷತೆಯು ಮುಂಗಡಪತ್ರದ ಒಂದು ಬಾಬು ಆಗಬೇಕು. ಅದಕ್ಕೆ ಬೇಕಾದ ಹಣವನ್ನೂ, ಹಣಕ್ಕಿಂತ ಮುಖ್ಯವಾಗಿ ದಿನಗಳನ್ನೂ ಮೊದಲು ತೆಗೆದಿಟ್ಟು, ಉಳಿದುದರಲ್ಲಿ ನೋಡುವ ಸ್ಥಳಗಳನ್ನು ಗೊತ್ತುಮಾಡಬೇಕು. ಆದರೆ ಇಂದು ಸ್ಥಳಗಳ ಪಟ್ಟಿ ಮೊದಲು ಸಿದ್ಧವಾಗುತ್ತದೆ. ವಿಶ್ರಾಂತಿಯ ದಿನ, ವಿಮೆ, ವೈದ್ಯರ ಭೇಟಿ ಇವೆಲ್ಲ ಉಳಿತಾಯದ ಹೆಸರಿನಲ್ಲಿ ಮೊದಲು ಕತ್ತರಿಗೆ ಸಿಗುತ್ತವೆ. ಕುಟುಂಬಕ್ಕೆ ಪೆಟ್ಟು ಬೀಳುವುದು ಬಹುಮಟ್ಟಿಗೆ ಇಲ್ಲಿಯೇ.

ಅಪಾಯಗಳ ವರ್ಗೀಕರಣ

ಪೆರುವಿನ ಕಾನೂನು ಮತ್ತು ಸುವ್ಯವಸ್ಥೆಯ ಕುರಿತಾದ ಸುದ್ದಿಗಳು ಆಧಾರರಹಿತವಲ್ಲ. ರಾಜಧಾನಿ ಲಿಮಾ ಹಾಗೂ ಅದಕ್ಕೆ ಹೊಂದಿಕೊಂಡ ಕಯಾವೊ ಪ್ರದೇಶದಲ್ಲಿ 2025ರ ಮಾರ್ಚ್ ತಿಂಗಳಿನಲ್ಲಿ ಒಮ್ಮೆ, ಅಕ್ಟೋಬರ್ ತಿಂಗಳಿನಲ್ಲಿ ಮತ್ತೊಮ್ಮೆ ಸರ್ಕಾರವು ತುರ್ತು ಪರಿಸ್ಥಿತಿಯನ್ನು ಘೋಷಿಸಿತು. ಬಸ್ ಮಾಲೀಕರು, ಅಂಗಡಿಕಾರರು ಮೊದಲಾದವರಿಂದ ಬೆದರಿಸಿ ಹಣ ವಸೂಲಿ ಮಾಡುವ ಗುಂಪುಗಳ ಹಾವಳಿ ಇದರ ಹಿಂದಿನ ಮುಖ್ಯ ಕಾರಣಗಳಲ್ಲೊಂದು. ಅದೇ ರೀತಿ ಕೋಕಾ ಬೆಳೆಯುವ, ಹಳೆಯ ಉಗ್ರಗಾಮಿ ಸಂಘಟನೆಯ ಅವಶೇಷಗಳು ಇನ್ನೂ ಉಳಿದಿರುವ ಅಪುರಿಮಾಕ್, ಎನೆ, ಮಾಂತಾರೊ ನದಿಗಳ ಕಣಿವೆ ಪ್ರದೇಶಕ್ಕೆ ಪ್ರವಾಸಿಗರು ಹೋಗಲೇಬಾರದು. ಕೊಲಂಬಿಯಾದ ಗಡಿಗೆ ಹೊಂದಿದ ಕಾಡು ಪ್ರದೇಶಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಆದರೆ ಸುಲಿಗೆ ಗುಂಪುಗಳ ಗುರಿ ಮುಖ್ಯವಾಗಿ ಅಲ್ಲಿನ ಸ್ಥಳೀಯ ವ್ಯಾಪಾರಿಗಳೇ ಹೊರತು, ಎರಡು ವಾರಕ್ಕೆಂದು ಬಂದ ಪ್ರವಾಸಿ ಕುಟುಂಬವಲ್ಲ. ಕಣಿವೆಯ ಆ ಪ್ರದೇಶಗಳು ಲಿಮಾ, ಕುಸ್ಕೊ, ಮಾಚು ಪಿಚುವಿನ ಸಾಮಾನ್ಯ ಪ್ರವಾಸದ ಹಾದಿಯಲ್ಲಿ ಬರುವುದಿಲ್ಲ. ಪ್ರವಾಸಿಯನ್ನು ತಟ್ಟುವ ಅಪಾಯಗಳೇ ಬೇರೆ: ಎತ್ತರದ ಪ್ರದೇಶದ ಅಸ್ವಸ್ಥತೆ, ಮುಷ್ಕರ ಅಥವಾ ಮಳೆಯಿಂದ ದಾರಿ ಬಂದ್ ಆಗುವುದು, ಬೀದಿಯಲ್ಲಿ ಫೋನ್ ಮತ್ತು ಕೈಚೀಲದ ಕಳವು, ಕಾಗದಪತ್ರಗಳ ಕೊರತೆ. ಇವುಗಳಲ್ಲಿ ಪ್ರತಿಯೊಂದಕ್ಕೂ ಮೊದಲೇ ಏರ್ಪಾಡು ಮಾಡಿಕೊಳ್ಳಲು ಸಾಧ್ಯವಿದೆ.

ಎತ್ತರದ ಲೆಕ್ಕ

ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಕುಸ್ಕೊ ನಗರವು ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಹೆಚ್ಚು ಕಡಿಮೆ ಲಡಾಖಿನ ಲೇಹ್ ಪಟ್ಟಣದಷ್ಟು. ಅಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ದೊರೆಯುವುದರ ಮೂರರಲ್ಲಿ ಎರಡು ಪಾಲು ಮಾತ್ರ. ಸಮುದ್ರ ತೀರದ ಲಿಮಾದಿಂದ ಬೆಳಿಗ್ಗೆ ವಿಮಾನ ಹತ್ತಿದವರು ಒಂದೂವರೆ ಗಂಟೆಯೊಳಗೆ ಆ ಎತ್ತರದಲ್ಲಿ ಇಳಿದಿರುತ್ತಾರೆ. ದೇಹ ಹೊಂದಿಕೊಳ್ಳಲು ಅವಕಾಶವೇ ಇರುವುದಿಲ್ಲ. ತಲೆನೋವು, ವಾಕರಿಕೆ, ನಿದ್ರಾಹೀನತೆ, ನಡೆದರೆ ಏದುಸಿರು ಇವು ಆರಂಭದ ಲಕ್ಷಣಗಳು. ಯುವಕರು, ವ್ಯಾಯಾಮಪಟುಗಳು ಇದಕ್ಕೆ ಹೊರತೆಂದು ತಿಳಿಯಬಾರದು.

ಆದರೆ ಮಾಚು ಪಿಚುವಿನ ಎತ್ತರ ಸುಮಾರು 2,430 ಮೀಟರ್ ಮಾತ್ರ, ಅಂದರೆ ಕುಸ್ಕೊ ನಗರಕ್ಕಿಂತ ಸಾವಿರ ಮೀಟರಿನಷ್ಟು ಕೆಳಗೆ. ನಡುವಿನ ಪವಿತ್ರ ಕಣಿವೆಯಲ್ಲಿರುವ ಒಯಾಂಟಾಯ್‌ಟಾಂಬೊ ಊರು ಸುಮಾರು 2,800 ಮೀಟರ್ ಎತ್ತರದಲ್ಲಿದೆ. ಆದುದರಿಂದ ಕುಸ್ಕೊ ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ವಾಹನದಲ್ಲಿ ಕಣಿವೆಗೆ ಇಳಿದು, ಅಲ್ಲಿ ಎರಡು ರಾತ್ರಿ ತಂಗಿ, ಬಳಿಕ ಮಾಚು ಪಿಚುವನ್ನು ನೋಡಿ, ಕುಸ್ಕೊ ನಗರವನ್ನು ಕೊನೆಗೆ ಇಟ್ಟುಕೊಳ್ಳುವುದು ವಿವೇಕದ ಕ್ರಮ. ಇದಕ್ಕೆ ಹೆಚ್ಚಿನ ಖರ್ಚು ಏನೂ ಇಲ್ಲ. ಅನುಕ್ರಮವನ್ನು ಬದಲಿಸಿದರೆ ಸಾಕು. 5,000 ಮೀಟರಿಗೂ ಎತ್ತರವಿರುವ ವಿನಿಕುಂಕಾ ಎಂಬ ಬಣ್ಣದ ಬೆಟ್ಟವನ್ನು ಕುಟುಂಬದ ಪ್ರವಾಸದ ಪಟ್ಟಿಯಿಂದ ಬಿಡುವುದೇ ಲೇಸು.

ಹೃದ್ರೋಗ, ಶ್ವಾಸಕೋಶದ ತೊಂದರೆ, ರಕ್ತದೊತ್ತಡ, ಮಧುಮೇಹ ಇರುವವರು ಟಿಕೆಟ್ ಕೊಳ್ಳುವುದಕ್ಕೂ ಮೊದಲೇ ತಮ್ಮ ವೈದ್ಯರನ್ನು ಕಾಣಬೇಕು. ಎತ್ತರಕ್ಕೆ ಹೊಂದಿಕೊಳ್ಳಲು ನೆರವಾಗುವ ಅಸೆಟಜೋಲಮೈಡ್ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ಕೆಲವು ಔಷಧಿಗಳ ಅಲರ್ಜಿ ಇರುವವರಿಗೆ ಅದು ಹೊಂದುವುದಿಲ್ಲ. ಅಸ್ವಸ್ಥತೆಯ ಲಕ್ಷಣ ಕಂಡವರು ಅದು ಕಡಿಮೆಯಾಗುವವರೆಗೆ ಮೇಲಕ್ಕೆ ಹೋಗಬಾರದು. ಕುಳಿತಲ್ಲಿಯೂ ಉಸಿರು ಕಟ್ಟುವುದು, ನಡಿಗೆ ತಪ್ಪುವುದು, ಮಾತು ಗೊಂದಲವಾಗುವುದು ಇವು ಪ್ರಾಣಾಪಾಯದ ಸೂಚನೆಗಳು. ಆಗ ಬೆಳಗಾಗಲೆಂದು ಕಾಯದೆ ಕೂಡಲೇ ಕೆಳಗಿಳಿಸಿ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಇಲ್ಲಿ ಕುಟುಂಬದ ಒಳಗಿನ ಒಂದು ಸೂಕ್ಷ್ಮವನ್ನೂ ಗಮನಿಸಬೇಕಾಗಿದೆ. ಮನೆಯ ಹಿರಿಯರು ತಮ್ಮ ತೊಂದರೆಯನ್ನು ಹೇಳಿಕೊಳ್ಳುವುದಿಲ್ಲ. ಲಕ್ಷಾಂತರ ರೂಪಾಯಿ ಖರ್ಚು ಮಾಡಿ ಬಂದ ಮಕ್ಕಳ ಸಂತೋಷಕ್ಕೆ ತಮ್ಮಿಂದ ಅಡ್ಡಿಯಾಗಬಾರದೆಂದು ತಲೆನೋವನ್ನು ನುಂಗಿಕೊಳ್ಳುತ್ತಾರೆ. ಸೊಸೆಯಾದವಳು ಅತ್ತೆ ಮಾವನ ಮುಂದೆ ತನ್ನ ಆಯಾಸವನ್ನು ಆಡಿ ತೋರಿಸಲು ಹಿಂಜರಿಯಬಹುದು. ಈ ಮೌನವು ಎತ್ತರಕ್ಕಿಂತಲೂ ಅಪಾಯಕರ. ಆದುದರಿಂದ ಹೊರಡುವ ಮೊದಲೇ ಮನೆಯವರೆಲ್ಲ ಕುಳಿತು ಒಂದು ಒಪ್ಪಂದಕ್ಕೆ ಬರಬೇಕು: ಯಾರಾದರೊಬ್ಬರು "ಆಗುತ್ತಿಲ್ಲ" ಎಂದರೆ ಆ ದಿನದ ಕಾರ್ಯಕ್ರಮ ಅಲ್ಲಿಗೇ ನಿಲ್ಲುತ್ತದೆ, ಯಾರೂ ವಾದ ಮಾಡುವುದಿಲ್ಲ, ಕಟ್ಟಿದ ಹಣದ ಮಾತು ಎತ್ತುವುದಿಲ್ಲ. ಆ ಮಾತನ್ನು ಹಣ ಕೊಟ್ಟ ಯಜಮಾನರೇ ಮೊದಲು ಆಡಿದರೆ ಉಳಿದವರಿಗೆ ಧೈರ್ಯ ಬರುತ್ತದೆ.

ಹೋಗಲು ಒಂದೇ ಹಳಿ

ಮಾಚು ಪಿಚುವಿನ ತಪ್ಪಲಿನಲ್ಲಿರುವ ಆಗ್ವಾಸ್ ಕಾಲಿಯೆಂಟೆಸ್ ಊರಿಗೆ ಹೊರಗಿನಿಂದ ನೇರ ರಸ್ತೆ ಸಂಪರ್ಕವಿಲ್ಲ. ಕಾಲ್ನಡಿಗೆಯನ್ನು ಬಿಟ್ಟರೆ ರೈಲೇ ಗತಿ. ಅಲ್ಲಿಂದ ಮೇಲಕ್ಕೆ ಬಸ್ಸು. ಈ ಒಂದು ಹಳಿ ನಿಂತರೆ ಎಲ್ಲವೂ ನಿಲ್ಲುತ್ತದೆ. 2010ರ ಜನವರಿಯಲ್ಲಿ ಭಾರೀ ಮಳೆಯಿಂದ ಹಳಿ ಕೊಚ್ಚಿಹೋದಾಗ ಸಾವಿರಾರು ಪ್ರವಾಸಿಗರನ್ನು ಹೆಲಿಕಾಪ್ಟರುಗಳಲ್ಲಿ ಹೊರತರಬೇಕಾಯಿತು. 2022ರ ಡಿಸೆಂಬರಿನಲ್ಲಿ ಅಂದಿನ ಅಧ್ಯಕ್ಷ ಪೆದ್ರೊ ಕಸ್ತಿಯೊ ಅವರ ಪದಚ್ಯುತಿಯ ನಂತರ ಎದ್ದ ಪ್ರತಿಭಟನೆಗಳಿಂದ ರೈಲು ಸಂಚಾರ ನಿಂತಿತು. 2023ರ ಜನವರಿ 21ರಂದು ಮುಚ್ಚಿದ ತಾಣ ಫೆಬ್ರವರಿಯ ಮಧ್ಯಭಾಗದಲ್ಲಷ್ಟೇ ತೆರೆಯಿತು. 2025ರ ಸೆಪ್ಟೆಂಬರಿನಲ್ಲಿ ಬಸ್ ಸೇವೆಯ ಗುತ್ತಿಗೆಯ ವಿವಾದದಿಂದ ಸ್ಥಳೀಯರು ಹಳಿ ತಡೆ ನಡೆಸಿದಾಗ ಮತ್ತೆ ನೂರಾರು ಪ್ರವಾಸಿಗರು ಸಿಕ್ಕಿಕೊಂಡರು.

ಈ ಮೂರು ಪ್ರಸಂಗಗಳಲ್ಲಿಯೂ ಸಿಕ್ಕಿಕೊಂಡವರ ಮೊದಲ ಕಷ್ಟವೆಂದರೆ ಮುಂದಿನ ಪ್ರಯಾಣದ ಏರ್ಪಾಡುಗಳು ಒಂದರ ಹಿಂದೆ ಒಂದು ಮುರಿದುಬೀಳುವುದು. ಭಾರತದಿಂದ ಪೆರುವಿಗೆ ನೇರ ವಿಮಾನವಿಲ್ಲ. ಒಂದು ವಿಮಾನ ತಪ್ಪಿದರೆ ಮುಂದಿನ ಎರಡೂ ತಪ್ಪುತ್ತವೆ. ಆದುದರಿಂದ ಹಿಂದಿರುಗುವ ವಿಮಾನಕ್ಕೆ ಮೊದಲು ಲಿಮಾದಲ್ಲಿ ಕನಿಷ್ಠ ಒಂದು, ಸಾಧ್ಯವಾದರೆ ಎರಡು ದಿನ ಖಾಲಿ ಬಿಡಬೇಕು. ದಿನನಿತ್ಯದ ಔಷಧಿಗಳನ್ನು ಒಂದು ವಾರಕ್ಕೆ ಹೆಚ್ಚಾಗಿಯೇ ಇಟ್ಟುಕೊಳ್ಳಬೇಕು. ಅವು ಕೈಚೀಲದಲ್ಲಿರಬೇಕೇ ವಿನಾ ವಿಮಾನಕ್ಕೆ ಒಪ್ಪಿಸುವ ಪೆಟ್ಟಿಗೆಯಲ್ಲಲ್ಲ.

ಕಾಲದ ಆಯ್ಕೆಯೂ ಸುರಕ್ಷತೆಯ ಭಾಗವೇ. ಆಂಡೀಸ್ ಪ್ರದೇಶದಲ್ಲಿ ನವೆಂಬರಿನಿಂದ ಮಾರ್ಚಿಯವರೆಗೆ ಮಳೆಗಾಲ. ಜನವರಿ, ಫೆಬ್ರವರಿ ತಿಂಗಳುಗಳಲ್ಲಿ ಮಳೆ ಹೆಚ್ಚು. ಪ್ರಸಿದ್ಧ ಇಂಕಾ ಕಾಲುದಾರಿಯನ್ನು ಪ್ರತಿ ಫೆಬ್ರವರಿಯಲ್ಲಿ ಮುಚ್ಚುತ್ತಾರೆ. ಮೇ ತಿಂಗಳಿನಿಂದ ಒಣ ಹವೆ ಆರಂಭವಾಗುತ್ತದೆ. ಕರ್ನಾಟಕದ ಶಾಲೆಗಳ ಬೇಸಿಗೆ ರಜೆ ಇದಕ್ಕೆ ಸರಿಹೊಂದುವುದು ಅನುಕೂಲಕರ. ಕ್ರಿಸ್ಮಸ್ ರಜೆಯ ಅಗ್ಗದ ಪ್ಯಾಕೇಜುಗಳಿಗೆ ಮನಸೋಲುವ ಮೊದಲು ಮಳೆಯ ಲೆಕ್ಕವನ್ನು ಹಾಕಬೇಕು. ಮಾಚು ಪಿಚುವಿನ ಪ್ರವೇಶಪತ್ರಗಳು ನಿಗದಿತ ದಿನ, ವೇಳೆ ಹಾಗೂ ನಿಗದಿತ ಮಾರ್ಗಕ್ಕೆ ಮಾತ್ರ ಸಲ್ಲುತ್ತವೆ. ಆದುದರಿಂದ ಅವುಗಳನ್ನೂ ರೈಲು ಟಿಕೆಟ್ಟುಗಳನ್ನೂ ಬಹಳ ಮುಂಚೆಯೇ ಕೊಳ್ಳಬೇಕು.

ಕಾಗದಪತ್ರಗಳು

ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಅಥವಾ ಷೆಂಗೆನ್ ದೇಶಗಳ, ಕನಿಷ್ಠ 6 ತಿಂಗಳ ಅವಧಿ ಉಳಿದಿರುವ ವೀಸಾ ಹೊಂದಿದ ಭಾರತೀಯರು ಪೆರುವಿಗೆ ಪ್ರತ್ಯೇಕ ವೀಸಾ ಇಲ್ಲದೆ ಪ್ರವಾಸ ಹೋಗಬಹುದು. ಉಳಿದವರು ನವದೆಹಲಿಯಲ್ಲಿರುವ ಪೆರು ರಾಯಭಾರ ಕಚೇರಿಯಿಂದ ವೀಸಾ ಪಡೆಯಬೇಕು. ಯಜಮಾನರ ಬಳಿ ಅಮೆರಿಕದ ವೀಸಾ ಇದ್ದ ಮಾತ್ರಕ್ಕೆ ಉಳಿದವರಿಗೆ ಅದರ ಅನುಕೂಲ ದೊರೆಯದು. ಪ್ರತಿಯೊಬ್ಬರ ಪಾಸ್‌ಪೋರ್ಟನ್ನೂ ಬೇರೆ ಬೇರೆಯಾಗಿ ಪರಿಶೀಲಿಸಬೇಕು. ಅಮೆರಿಕದ ಮೂಲಕ ಹಾದುಹೋಗುವವರಿಗೆ ವಿಮಾನ ಬದಲಿಸುವ ಕೆಲವೇ ಗಂಟೆಗಳಿಗೂ ಆ ದೇಶದ ವೀಸಾ ಬೇಕು.

ಹಳದಿ ಜ್ವರದ ಲಸಿಕೆಯ ವಿಷಯದಲ್ಲಿ ಹಲವರು ಎಡವುತ್ತಾರೆ. ಲಿಮಾ, ಕುಸ್ಕೊ, ಮಾಚು ಪಿಚುಗಳಿಗೆ ಮಾತ್ರ ಹೋಗುವವರಿಗೆ ಆ ರೋಗದ ಭಯವಿಲ್ಲ; ಅದಿರುವುದು ಅಮೆಜಾನ್ ಕಾಡಿನ ಕಡೆ. ಆದರೆ ಭಾರತ ಸರ್ಕಾರವು ಇಡೀ ಪೆರು ದೇಶವನ್ನು ಹಳದಿ ಜ್ವರದ ಪಟ್ಟಿಯಲ್ಲಿ ಸೇರಿಸಿದೆ. ಅಲ್ಲಿಂದ ಹಿಂದಿರುಗುವವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ಸ್ವದೇಶದ ವಿಮಾನ ನಿಲ್ದಾಣದಲ್ಲಿಯೇ ತಡೆದು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಲು ಅವಕಾಶವಿದೆ. ಲಸಿಕೆಯನ್ನು ಸರ್ಕಾರದ ಮಾನ್ಯತೆ ಪಡೆದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಹಾಕಿಸಿದ 10 ದಿನಗಳ ನಂತರವಷ್ಟೇ ಪ್ರಮಾಣಪತ್ರ ಸಿಂಧುವಾಗುತ್ತದೆ. 2016ರ ನಿಯಮದಂತೆ ಅದು ಜೀವನಪರ್ಯಂತ ಚಾಲ್ತಿಯಲ್ಲಿರುತ್ತದೆ. 60 ವರ್ಷ ದಾಟಿದವರು ಹಾಗೂ ಮೊಟ್ಟೆಯ ಅಲರ್ಜಿ ಇರುವವರು ಮೊದಲು ವೈದ್ಯರ ಅಭಿಪ್ರಾಯ ಪಡೆಯಬೇಕು.

ಇನ್ನೊಂದು ಎಚ್ಚರಿಕೆ. ಕುಸ್ಕೊ ಹೋಟೆಲುಗಳಲ್ಲಿ ಬಂದವರಿಗೆಲ್ಲ ಕೋಕಾ ಎಲೆಯ ಕಷಾಯ ಕೊಡುವುದು ವಾಡಿಕೆ. ಅಲ್ಲಿ ಅದು ಕಾನೂನುಬದ್ಧ. ಆದರೆ ಭಾರತದ 1985ರ ಮಾದಕ ವಸ್ತು ನಿಯಂತ್ರಣ ಕಾಯಿದೆಯಲ್ಲಿ ಕೋಕಾ ಎಲೆಯ ಹೆಸರು ಸ್ಪಷ್ಟವಾಗಿದೆ. ನೆನಪಿಗೆಂದು ಎಲೆಯನ್ನಾಗಲಿ, ಅದರ ಟೀ ಪೊಟ್ಟಣವನ್ನಾಗಲಿ ಪೆಟ್ಟಿಗೆಯಲ್ಲಿಟ್ಟು ತರಲೇಬಾರದು.

ಹಣ ಮತ್ತು ವಿಮೆ

ಪ್ರವಾಸ ವಿಮೆಯನ್ನು ವೀಸಾ ಕಡತಕ್ಕೆ ಲಗತ್ತಿಸುವ ಒಂದು ಕಾಗದವೆಂದು ಭಾವಿಸುವವರೇ ಹೆಚ್ಚು. ಪಾಲಿಸಿಯ ಷರತ್ತುಗಳನ್ನು ಓದಬೇಕು. ಮೊದಲೇ ಇರುವ ಕಾಯಿಲೆಗಳಿಗೆ ರಕ್ಷಣೆ ಇದೆಯೇ, ಎತ್ತರದ ಪ್ರದೇಶಕ್ಕೆ ಮಿತಿ ಹಾಕಿದ್ದಾರೆಯೇ, ರೋಗಿಯನ್ನು ಕುಸ್ಕೊ ನಗರದಿಂದ ಲಿಮಾಕ್ಕೆ ವಿಮಾನದಲ್ಲಿ ಸಾಗಿಸುವ ಖರ್ಚು ಸೇರಿದೆಯೇ, ಮುಷ್ಕರದಿಂದ ಪ್ರಯಾಣ ತಡವಾದರೆ ಪರಿಹಾರವುಂಟೇ ಎಂಬ ನಾಲ್ಕು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಬೇಕು. ಪ್ರೀಮಿಯಂ ಕಡಿಮೆಯಾಗಲೆಂದು ಹಿರಿಯರ ರಕ್ತದೊತ್ತಡವನ್ನೋ ಮಧುಮೇಹವನ್ನೋ ಮುಚ್ಚಿಟ್ಟರೆ ಕ್ಲೇಮ್ ತಿರಸ್ಕೃತವಾಗುವ ಸಂಭವವೇ ಹೆಚ್ಚು.

ವಿದೇಶಿ ವಿನಿಮಯದ ಉದಾರೀಕೃತ ಯೋಜನೆಯಡಿ ಒಬ್ಬ ವ್ಯಕ್ತಿಗೆ ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರಿನ ಮಿತಿ ಇದೆ. 2020ರ ಅಕ್ಟೋಬರಿನಿಂದ ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಮೂಲದಲ್ಲಿಯೇ ತೆರಿಗೆ ಸಂಗ್ರಹಿಸಲಾಗುತ್ತಿದೆ. ಇದರ ದರ ಆ ಬಳಿಕ ಹಲವು ಬಾರಿ ಬದಲಾಗಿರುವುದರಿಂದ ಹಣ ಕಟ್ಟುವ ದಿನದ ದರವನ್ನು ವಿಚಾರಿಸಿಕೊಳ್ಳಬೇಕು. ಈ ಮೊತ್ತವು ರಿಟರ್ನ್ಸ್ ಸಲ್ಲಿಸುವಾಗ ತೆರಿಗೆಗೆ ಜಮೆಯಾಗುವುದರಿಂದ ಅಂತಿಮವಾಗಿ ಖರ್ಚಲ್ಲ. ಆದರೆ ಅಷ್ಟು ಕಾಲ ಕೈಯಿಂದ ಹೊರಗಿರುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದವರು ಕೊನೆಯ ಗಳಿಗೆಯಲ್ಲಿ ವಿಮೆಯ ಹಣಕ್ಕೇ ಕೈಹಾಕುತ್ತಾರೆ.

ಪೆರುವಿನ ನಾಣ್ಯ ಸೋಲ್. ಅಲ್ಲಿ ಖೋಟಾ ನೋಟುಗಳ ಕಾಟ ಹೆಚ್ಚು. ಬೀದಿಯಲ್ಲಿ ಹಣ ಬದಲಿಸದೆ ಬ್ಯಾಂಕಿನಲ್ಲಿ ಬದಲಿಸಬೇಕು. ಸ್ವಲ್ಪ ಹರಿದ ಡಾಲರ್ ನೋಟನ್ನೂ ಅಲ್ಲಿನ ಅಂಗಡಿಗಳು ತೆಗೆದುಕೊಳ್ಳುವುದಿಲ್ಲ. ನಗದು, ಕಾರ್ಡು, ಪಾಸ್‌ಪೋರ್ಟ್ ಎಲ್ಲವನ್ನೂ ಒಬ್ಬರ ಚೀಲದಲ್ಲಿಡುವುದು ತಿಜೋರಿಯ ಕೀಲಿಗಳೆಲ್ಲವನ್ನೂ ಒಬ್ಬ ಗುಮಾಸ್ತನಿಗೆ ಒಪ್ಪಿಸಿದಂತೆ. ಎರಡು ಬೇರೆ ಬ್ಯಾಂಕುಗಳ ಕಾರ್ಡುಗಳು ಇಬ್ಬರ ಬಳಿ ಇರಲಿ. ಪಾಸ್‌ಪೋರ್ಟಿನ ಪ್ರತಿಗಳನ್ನು ಊರಿನಲ್ಲಿರುವ ಒಬ್ಬ ಬಂಧುವಿನ ಬಳಿಯೂ ಇಟ್ಟಿರಬೇಕು.

ನಗರದಲ್ಲಿ ನಡವಳಿಕೆ

ಲಿಮಾದಲ್ಲಿ ಪ್ರವಾಸಿಗರು ಸಾಮಾನ್ಯವಾಗಿ ತಂಗುವುದು ಮಿರಾಫ್ಲೋರೆಸ್, ಸಾನ್ ಇಸಿದ್ರೊ, ಬರಾಂಕೊ ಬಡಾವಣೆಗಳಲ್ಲಿ. ವಸತಿಯಲ್ಲಿ ಉಳಿಸಲು ಹೋಗಿ ದೂರದ ಬಡಾವಣೆಯನ್ನು ಹಿಡಿಯಬಾರದು. ಅಲ್ಲಿನ ಟ್ಯಾಕ್ಸಿಗಳಿಗೆ ಮೀಟರ್ ಇಲ್ಲ. ಬೀದಿಯಲ್ಲಿ ಹೋಗುತ್ತಿರುವ ಟ್ಯಾಕ್ಸಿಯನ್ನು ಕೈ ಅಡ್ಡ ಹಾಕಿ ಹತ್ತುವುದು ಅಪಾಯಕರ. ಪ್ರಯಾಣಿಕರನ್ನು ಕೂರಿಸಿಕೊಂಡು ಎಟಿಎಮ್ ಯಂತ್ರಗಳ ಬಳಿ ಸುತ್ತಿಸಿ ಹಣ ತೆಗೆಸಿದ ಪ್ರಕರಣಗಳಿವೆ. ಹೋಟೆಲಿನವರ ಮೂಲಕ ಅಥವಾ ಮೊಬೈಲ್ ಆ್ಯಪ್ ಮೂಲಕ ತರಿಸಿಕೊಂಡ ವಾಹನವನ್ನೇ ಬಳಸಬೇಕು. ವಿಮಾನ ನಿಲ್ದಾಣಕ್ಕೆ ಹಗಲಿನಲ್ಲಿ ತಲುಪುವಂತೆ ಟಿಕೆಟ್ ಆರಿಸಿಕೊಳ್ಳುವುದು ಉತ್ತಮ.

ದ್ವಿಚಕ್ರ ವಾಹನದಲ್ಲಿ ಬಂದು ಫೋನ್ ಕಸಿಯುವುದು, ಬಟ್ಟೆಯ ಮೇಲೆ ಏನನ್ನೋ ಚೆಲ್ಲಿ ಒರೆಸುವ ನೆಪದಲ್ಲಿ ಕೈಚೀಲ ಎಗರಿಸುವುದು ಅಲ್ಲಿನ ಸಾಮಾನ್ಯ ವಿಧಾನಗಳು. ಚಿನ್ನದ ಸರ, ಬಳೆಗಳನ್ನು ಊರಿನಲ್ಲಿಯೇ ಬಿಟ್ಟು ಹೋಗಬೇಕು. ಯಾರಾದರೂ ಆಯುಧ ತೋರಿಸಿದರೆ ಕೇಳಿದ್ದನ್ನು ಕೊಟ್ಟುಬಿಡಬೇಕು. ಕಳೆದ ಫೋನನ್ನು ಮತ್ತೆ ಕೊಳ್ಳಬಹುದು. ಪೊಲೀಸರ ತುರ್ತು ಸಂಖ್ಯೆ 105. ಪ್ರವಾಸಿಗರಿಗಾಗಿಯೇ ಪ್ರತ್ಯೇಕ ಪೊಲೀಸ್ ವಿಭಾಗವೂ, ಐಪೆರು ಎಂಬ ಸರ್ಕಾರಿ ನೆರವು ಸೇವೆಯೂ ಇವೆ. ಲಿಮಾದಲ್ಲಿ ಭಾರತದ ರಾಯಭಾರ ಕಚೇರಿ ಇದ್ದು, ಅದರ ವಿಳಾಸ ಮತ್ತು ದೂರವಾಣಿ ಸಂಖ್ಯೆಗಳು ಮನೆಯ ಪ್ರತಿಯೊಬ್ಬರ ಬಳಿಯೂ ಕಾಗದದಲ್ಲಿ ಬರೆದಿರಬೇಕು.

ಪೆರು ಭೂಕಂಪಗಳ ನಾಡು. 2007ರ ಆಗಸ್ಟಿನಲ್ಲಿ ಪಿಸ್ಕೊ ನಗರದ ಬಳಿ ಸಂಭವಿಸಿದ ಭೂಕಂಪದಲ್ಲಿ 500ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಅಲ್ಲಿನ ಕಟ್ಟಡಗಳಲ್ಲಿ ಹಸಿರು ಬಣ್ಣದ 'ಎಸ್' ಅಕ್ಷರದ ಫಲಕಗಳಿರುತ್ತವೆ. ಭೂಕಂಪದ ವೇಳೆ ನಿಲ್ಲಬೇಕಾದ ಸುರಕ್ಷಿತ ಸ್ಥಳ ಅದೇ. ಹೋಟೆಲಿಗೆ ಕಾಲಿಟ್ಟ ದಿನವೇ ಅದನ್ನು ಮಕ್ಕಳಿಗೆ ತೋರಿಸಿಕೊಡಬೇಕು.

ಆಕ್ಷೇಪಕ್ಕೆ ಉತ್ತರ

ಇಷ್ಟೆಲ್ಲ ಏರ್ಪಾಡು ಮಾಡಿಕೊಂಡರೆ ಪ್ರವಾಸದ ಖರ್ಚು ಹೆಚ್ಚುತ್ತದೆ, ನೋಡುವ ಸ್ಥಳಗಳು ಕಡಿಮೆಯಾಗುತ್ತವೆ ಎಂಬ ಆಕ್ಷೇಪ ಬರುವುದು ಸಹಜ. ಖರ್ಚು ಹೆಚ್ಚುವುದು ನಿಜ. ಅದಕ್ಕೆ ಪರಿಹಾರವೆಂದರೆ ಸ್ಥಳಗಳನ್ನು ಕಡಿಮೆ ಮಾಡುವುದೇ ಹೊರತು, ವಿಶ್ರಾಂತಿಯ ದಿನಗಳನ್ನು ಕಡಿಮೆ ಮಾಡುವುದಲ್ಲ. ಹತ್ತು ದಿನಗಳಲ್ಲಿ ಪೆರು, ಬೊಲಿವಿಯಾ, ಬ್ರೆಜಿಲ್ ಮೂರನ್ನೂ ಮುಗಿಸುವ ಪ್ಯಾಕೇಜಿಗಿಂತ ಹನ್ನೆರಡು ದಿನಗಳಲ್ಲಿ ಪೆರುವೊಂದನ್ನೇ ನಿಧಾನವಾಗಿ ನೋಡುವುದು ಮಕ್ಕಳಿಗೂ ಹಿರಿಯರಿಗೂ ಹಿತ. ವೈದ್ಯರು ಬೇಡವೆಂದ ಹಿರಿಯರು ಮನೆಯಲ್ಲಿದ್ದರೆ ಅವರೊಂದಿಗೆ ಬೇರೆ ದೇಶವನ್ನು ಆರಿಸಿಕೊಳ್ಳುವುದರಲ್ಲಿ ಸೋಲೇನೂ ಇಲ್ಲ. ಈ ವರ್ಷ ಹಣ ಸಾಲದಿದ್ದರೆ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದು. ಮಾಚು ಪಿಚು ಎಲ್ಲಿಗೂ ಹೋಗುವುದಿಲ್ಲ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ವ್ಯಾಪಾರಿಗಳಿಗೆ ಹೊಸದಲ್ಲ. ಪ್ರವಾಸದ ಮುಂಗಡಪತ್ರವನ್ನು ಬರೆಯಲು ಕುಳಿತಾಗ ಮೊದಲ ಸಾಲಿನಲ್ಲಿ ವಿಮೆ, ಎರಡನೆಯದರಲ್ಲಿ ವೈದ್ಯರ ತಪಾಸಣೆ ಮತ್ತು ಲಸಿಕೆ, ಮೂರನೆಯದರಲ್ಲಿ ವಿಶ್ರಾಂತಿಯ ಹಾಗೂ ಖಾಲಿ ದಿನಗಳ ವಸತಿ, ಇವುಗಳನ್ನು ಬರೆದು ಮುಗಿಸಿದ ಮೇಲೆ ಉಳಿದ ಸಾಲುಗಳಿಗೆ ಹೋಗುವುದು ಒಳ್ಳೆಯದು. ಈ ಮೂರು ಸಾಲುಗಳನ್ನು ಬಿಟ್ಟು ಎಷ್ಟೇ ಅಗ್ಗದ ಪ್ರವಾಸ ಸಿಕ್ಕಿದರೂ, ಕುಟುಂಬದ ಯಜಮಾನರಾದವರು ಅದಕ್ಕೆ ಸಹಿ ಹಾಕಬಾರದು.